ಆರು ಪಾಯಿಂಟ್ ಒಂಬತ್ತು ಎಂಟು

"ಇಳಿಸಿ, ಇಳಿಸಿ! ಒಂದೇ ನಿಮಿಷ!" ಎಂದು ಮಗಳು ಕೂಗಿದಾಗ ಅಮ್ಮನ ಶವಪೆಟ್ಟಿಗೆ ಆಗಲೇ ನಾಲ್ವರ ಹೆಗಲೇರಿತ್ತು. ಗೇಟಿನ ಬಳಿ ಟ್ಯಾಕ್ಸಿ ಇಳಿದು ಏದುಸಿರು ಬಿಡುತ್ತ ಬರುತ್ತಿದ್ದವರು ಕೆಮಿಸ್ಟ್ರಿ ಮೇಷ್ಟ್ರು.

"ಕೊನೆಗೂ ಬಂದ್ರಲ್ಲ! ಅಮ್ಮ ಅವತ್ತು ಹೇಳಿದ್ದು ಸರೀನೋ ತಪ್ಪೋ, ಎಲ್ಲರ ಮುಂದೆ ಹೇಳಿ ಸಾರ್."

"ಸಾವಿನ ಮನೇಲಿ ಏನೇ ನಿನ್ನ ರಗಳೆ? ವ್ಯಾನ್ ಕಾಯ್ತಿದೆ," ಎಂದು ಸೋದರಮಾವ ಗದರಿದ. ಆದರೆ ಹಳೇ ವಿದ್ಯಾರ್ಥಿಗಳೆಲ್ಲ ಆಗಲೇ ಮೇಷ್ಟ್ರನ್ನು ಮುತ್ತಿಕೊಂಡಿದ್ದರು. ಪೆಟ್ಟಿಗೆ ಕೆಳಗಿಳಿಯಿತು.

*

ಶಾಲೆಯ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ಗಾಜಿನ ಸಾಮಾನು ತೊಳೆದವಳು ಅಮ್ಮ. ಮಕ್ಕಳ ಬಾಯಲ್ಲಿ ಬಾಟ್ಲಿ ಅಕ್ಕ. ಹೊಸಬರು ಈ ಹೆಸರು ಕೇಳಿ ಬೇರೇನೋ ಅಂದುಕೊಳ್ಳುತ್ತಿದ್ದರು.

ಇಪ್ಪತ್ತಾರು ವರ್ಷದ ಹಿಂದೆ ಒಂದು ಮಧ್ಯಾಹ್ನ ಮೇಷ್ಟ್ರು ಬೋರ್ಡಿನ ಮೇಲೆ ಲೆಕ್ಕ ಬಿಡಿಸುತ್ತಿದ್ದರು. ಪ್ರಬಲ ಆಸಿಡ್, ಪಿಎಚ್ ಒಂದು. ಹತ್ತು ಪಟ್ಟು ತೆಳುವಾದರೆ ಎರಡು. ಮತ್ತೆ ಹತ್ತು ಪಟ್ಟು, ಮೂರು. ಹೀಗೇ ಸರಸರ ಏರಿ, ಏಳು ದಾಟಿ, ಎಂಟಕ್ಕೆ ಅಡಿಗೆರೆ ಎಳೆದರು. ಏಳರ ಕೆಳಗೆ ಆಸಿಡ್, ಮೇಲೆ ಕ್ಷಾರ ಎಂಬುದು ಆಕೆಗೂ ಗೊತ್ತಿತ್ತು.

"ಸಾರ್, ಎಷ್ಟು ನೀರು ಹಾಕಿದ್ರೂ ಆಸಿಡ್ ಹೋಗಿ ಕ್ಷಾರ ಹೇಗಾಗತ್ತೆ?"

ತರಗತಿ ಗೊಳ್ಳೆಂದು ನಕ್ಕಿತು. ಮೇಷ್ಟ್ರ ಮುಖ ಕೆಂಪಾಯಿತು. "ನೀನು ಬಾಟ್ಲಿ ತೊಳಿ. ಪಾಠ ನನಗೆ ಬಿಡು."

ಆಮೇಲೆ ಆಕೆ ಅಲ್ಲಿ ತುಟಿ ಬಿಚ್ಚಲಿಲ್ಲ. ಮನೆಯಲ್ಲಿ ಮಾತ್ರ ಅದೇ ಮಾತು. ನೀನೇ ಸರಿ ಎಂದು ಮಗಳು ಪುಸ್ತಕ ತೆರೆದು ತೋರಿಸಿದರೂ ಸಮಾಧಾನವಿಲ್ಲ. ಮೊನ್ನೆ ಆಸ್ಪತ್ರೆಯಲ್ಲೂ ಅಂದಿದ್ದಳು: "ಮೇಷ್ಟ್ರು ಹೇಳ್ಬೇಕು ಕಣೇ."

*

"ಚಾಕ್ ಇದೆಯಾ?" ಎಂದರು ಮೇಷ್ಟ್ರು.

ಪಕ್ಕದ ಮನೆಯ ಟೈಲರ್ ಜೇಬಿನಿಂದ ತನ್ನ ಗುರುತು ಹಾಕುವ ಚಾಕ್ ತೆಗೆದುಕೊಟ್ಟ. ಮೇಷ್ಟ್ರು ಅಂಗಳದ ಸಿಮೆಂಟಿನ ಮೇಲೆ ಮಂಡಿಯೂರಿದರು.

"ನೀರಿಗೂ ತನ್ನದೇ ಚೂರು ಆಸಿಡ್ ಗುಣ ಇರತ್ತೆ. ಆಸಿಡ್ ಜಾಸ್ತಿ ಇದ್ದಾಗ ಅದು ಲೆಕ್ಕಕ್ಕೇ ಬರಲ್ಲ. ಇಷ್ಟು ತೆಳುವಾದ ಮೇಲೆ ಅದನ್ನೂ ಸೇರಿಸ್ಬೇಕು. ನಾನು ಬಿಟ್ಟುಬಿಟ್ಟಿದ್ದೆ."

ಚಾಕ್ ಓಡಿತು. ವರ್ಗಮೂಲ ಬಂದಾಗ ಗುಂಪಿನಲ್ಲಿದ್ದ ಔಷಧಿ ಅಂಗಡಿಯವ ಫೋನ್ ತೆಗೆದು ಲೆಕ್ಕ ಹಾಕಿ ಹೇಳಿದ. ಹಿಂದಿನವರು ತುದಿಗಾಲಲ್ಲಿ ನಿಂತರು.

"ಆರು ಪಾಯಿಂಟ್..."

"ಒಂಬತ್ತು!"

"ಎಂಟು!"

"ಏಳು ದಾಟಲೇ ಇಲ್ಲ!" ಎಂದು ಕುಣಿದವನು, ಲೆಕ್ಕದ ತಲೆಬುಡ ತಿಳಿಯದ ವ್ಯಾನ್ ಡ್ರೈವರ್.

"ನಿಮಗೆ ಯಾವಾಗ ಗೊತ್ತಾಯ್ತು ಸಾರ್?" ಮಗಳು ಕೇಳಿದಳು.

"ಮಾರನೇ ದಿನವೇ. ಹೇಳೋಕೆ ನಾಚಿಕೆ ಆಯ್ತಮ್ಮ." ಮೇಷ್ಟ್ರು ಎದ್ದು ಪೆಟ್ಟಿಗೆಯ ಮೇಲೆ ಕೈಯಿಟ್ಟರು. ದನಿ ಇಡೀ ಅಂಗಳಕ್ಕೆ ಕೇಳಿಸಿತು. "ನೀವು ಹೇಳಿದ್ದೇ ಸರಿ ತಾಯಿ. ತಪ್ಪು ನನ್ನದು."

ಮಗಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಇಪ್ಪತ್ತಾರು ವರ್ಷಗಳ ಸಂಕಟ ಇಳಿದು ಜೀವ ಹಗುರಾಯಿತು. "ಈಗ ಎತ್ತಿ ಮಾವ," ಅಂದಳು.

ಗೇಟಿಗೆ ನೇರ ದಾರಿಯಿದ್ದದ್ದು ಆ ಲೆಕ್ಕದ ಮೇಲೆಯೇ. ಮುಂದಿದ್ದ ಸೋದರಮಾವ ಗಕ್ಕನೆ ನಿಂತ. "ತುಳೀಬೇಡ್ರೋ, ಈ ಕಡೆ ಬನ್ನಿ," ಎಂದು ಅಡ್ಡ ತಿರುಗಿದ. ನಾಲ್ವರೂ ಗೋಡೆಗೆ ಭುಜ ಉಜ್ಜಿಕೊಂಡು, ಒಂದೊಂದೇ ಹೆಜ್ಜೆ ಸರಿಯುತ್ತ, ಅಂಕಿಗಳನ್ನು ಸುತ್ತುಹಾಕಿ ಅವಳನ್ನು ಹೊರಗೆ ಒಯ್ದರು.