ಇಪ್ಪತ್ತೊಂದನೇ ಪಿನ್

ಆ ಕಂಪನಿಯಲ್ಲೊಂದು ಕಟ್ಟಳೆ ಇತ್ತು: ಸರ್ಕ್ಯೂಟ್ ಬೋರ್ಡಿನ ನಕ್ಷೆ ಬರೆದವರು ಒಬ್ಬರೇ ಪರೀಕ್ಷಿಸಿ ಅದನ್ನು ಕಾರ್ಖಾನೆಗೆ ಕಳಿಸುವಂತಿಲ್ಲ, ಇನ್ನೊಬ್ಬರ ಕಣ್ಣು ಬೀಳಲೇಬೇಕು. ಆದರೆ ಆ ಇನ್ನೊಬ್ಬ ಸಹೋದ್ಯೋಗಿ ತನ್ನ ಹೆಂಡತಿಯ ಹೆರಿಗೆಗೆಂದು ರಜೆ ಹಾಕಿ ಹೋಗಿದ್ದ. ನಕ್ಷೆ ಬರೆದವಳು ಕಾಲು ಮುರಿದುಕೊಂಡು ಮನೆಯಲ್ಲಿ ಕೂತಿದ್ದಳು. ಆಸ್ಪತ್ರೆಯಲ್ಲಿ ರೋಗಿಗೆ ಹನಿಹನಿಯಾಗಿ ಔಷಧಿ ಕೊಡುವ ಪಂಪಿನ ಬೋರ್ಡು ಅದು. ಸಂಜೆ ಐದಕ್ಕೆ ನಕ್ಷೆ ಹೋಗಬೇಕು.

ಮನೆಯಲ್ಲಿದ್ದದ್ದು ಅತ್ತೆ ಮಾತ್ರ. ಮೂವತ್ತು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿ ನಿವೃತ್ತರಾದವರು. ಅತ್ತೆ ಸೊಸೆಯರ ನಡುವೆ ಜಗಳವೇನಿರಲಿಲ್ಲ. ಹಾಗಂತ ಹಾಲುಜೇನಿನಂತೆಯೂ ಇರಲಿಲ್ಲ. ಮಾತೆಲ್ಲ ಅಳೆದು ತೂಗಿ.

“ಅತ್ತೆ, ಒಂದು ಗಂಟೆ ಬಿಡುವಿದ್ಯಾ?”

“ಬಿಡುವು ಬಿಟ್ರೆ ನನ್ನ ಹತ್ರ ಇನ್ನೇನಿದೆ? ಏನಾಗ್ಬೇಕು?”

ಸೊಸೆ ವಿವರಿಸಿದಳು. ಬೋರ್ಡನ್ನು ನಡೆಸುವ ಉಗುರಗಲದ ಚಿಪ್ಪಿಗೆ ನಾಲ್ಕು ಬದಿಯಲ್ಲೂ ಸೇರಿ ಅರವತ್ತನಾಲ್ಕು ಪಿನ್ನು. ಯಾವ ಪಿನ್ನಿಗೆ ಯಾವ ಹೆಸರೆಂದು ಚಿಪ್ಪು ಮಾಡಿದವರು ಪಟ್ಟಿ ಕೊಟ್ಟಿದ್ದಾರೆ. ತಾನು ನಕ್ಷೆ ನೋಡಿ ಓದುತ್ತಾಳೆ, ಅತ್ತೆ ಪಟ್ಟಿ ನೋಡಿ ತಾಳೆ ಹಾಕಬೇಕು. ಬಳಸದ ಪಿನ್ನುಗಳನ್ನು ನಕ್ಷೆಯಲ್ಲಿ ಬರೆದಿಲ್ಲ, ಅವನ್ನು ಬಿಟ್ಟರಾಯಿತು.

ಅತ್ತೆ ಕನ್ನಡಕ ಒರೆಸಿ ಹಾಕಿಕೊಂಡು, ಪಟ್ಟಿಯ ಮೇಲೆ ಸ್ಕೇಲ್ ಇಟ್ಟರು. “ಕೊನೆಯಿಂದ ಓದು.”

“ಯಾಕೆ?”

“ಮೊದಲಿಂದ ಓದಿದ್ರೆ ನಾಲಿಗೆ ಹಾಡು ಹಿಡಿಯುತ್ತೆ. ಕಣ್ಣು ಮಲಗುತ್ತೆ.”

ಓದಿದಳು. ಅರವತ್ತನಾಲ್ಕು, ಅರವತ್ತಮೂರು. ಪ್ರತಿಯೊಂದಕ್ಕೂ ಅತ್ತೆ “ಸರಿ” ಅಂದು ಸ್ಕೇಲನ್ನು ಒಂದು ಸಾಲು ಸರಿಸುತ್ತಿದ್ದರು. ಅರ್ಧ ಗಂಟೆ ಕಳೆಯಿತು. ಸೊಸೆಗೆ ಇದೆಲ್ಲ ಬರೀ ಶಾಸ್ತ್ರಕ್ಕೆ ಅನ್ನಿಸತೊಡಗಿತ್ತು.

“ಇಪ್ಪತ್ತೊಂದು, ಬಿ ಹತ್ತು.”

“ಅಲ್ಲ. ಎ ಐದು.”

“ಸಾಲು ತಪ್ಪಿರ್ಬೇಕು, ಇನ್ನೊಂದ್ಸಲ ನೋಡಿ.”

“ಸಾಲು ಸರಿಯಾಗೇ ಇದೆ. ತಪ್ಪಿರೋದು ನಿನ್ನ ಕಾಲಂ. ಪಕ್ಕದ ಕಾಲಂನಲ್ಲಿ ಇಪ್ಪತ್ತೊಂದು ಅಂದ್ರೆ ಬಿ ಹತ್ತು. ಅದ್ರ ತಲೆ ಮೇಲೆ ನಲವತ್ತೆಂಟು ಅಂತಿದೆ.”

ಸೊಸೆ ಕುಂಟುತ್ತಾ ಎದ್ದುಬಂದು ನೋಡಿದಳು. ನಿಜ. ಅದೇ ಪಟ್ಟಿಯಲ್ಲಿದ್ದ ನಲವತ್ತೆಂಟು ಪಿನ್ನಿನ ಚಿಕ್ಕ ಚಿಪ್ಪಿನ ಸಂಖ್ಯೆಯನ್ನು ಇಲ್ಲಿಗೆ ತಂದು ಕೂರಿಸಿದ್ದಳು. ಈ ಚಿಪ್ಪಿನಲ್ಲಿ ಬಿ ಹತ್ತು ಅಂದರೆ ಇಪ್ಪತ್ತೊಂಬತ್ತು, ಮೋಟರಿಗೆ ಆಜ್ಞೆ ಕೊಡುವ ತಂತಿ ಅಲ್ಲಿಗೆ ಹೋಗಬೇಕಿತ್ತು. ಇಪ್ಪತ್ತೊಂದಕ್ಕೆ ಬೇರೆ ತಂತಿ ಇಲ್ಲದ್ದರಿಂದ ಕಂಪ್ಯೂಟರ್ ಕೂಡ ಚಕಾರ ಎತ್ತಿರಲಿಲ್ಲ.

ಕಂಪನಿಯ ಯಜಮಾನರಿಗೆ ಫೋನ್ ಮಾಡಿದಳು. “ಇವತ್ತು ಕಳಿಸೋಕಾಗಲ್ಲ ಸರ್. ತಪ್ಪು ಸಿಕ್ಕಿದೆ, ನನ್ನದೇ.”

“ಮೂರು ಸಲ ನೋಡಿದ್ದೀನಿ ಅಂದಿದ್ರಲ್ಲ?”

“ಮೂರು ಸಲವೂ ನೋಡಿದವಳು ನಾನೇ, ಸರ್.”

ಅವರು ಎರಡು ದಿನ ಕೊಟ್ಟರು, ಬೈಯದೇನೂ ಬಿಡಲಿಲ್ಲ.

ಅತ್ತೆ ಇನ್ನೂ ಸ್ಕೇಲ್ ಹಿಡಿದೇ ಕೂತಿದ್ದರು. “ಇಪ್ಪತ್ತು ಓದು,” ಅಂದರು. ತಪ್ಪು ಸಿಕ್ಕಿತೆಂದು ಎದ್ದುಹೋಗುವ ಜಾತಿ ಅವರದಲ್ಲ. ಒಂದರವರೆಗೂ ಓದಿಸಿದರು, ಬೇರೆ ತಪ್ಪು ಸಿಗಲಿಲ್ಲ.

ಮೂರು ವಾರದ ಮೇಲೆ ಬೋರ್ಡುಗಳು ಬಂದವು. ವಿದ್ಯುತ್ ಕೊಟ್ಟ ಮೊದಲ ಸಲಕ್ಕೇ ಮೋಟರ್ ತಿರುಗಿತು. ಆಫೀಸಿನಲ್ಲಿ ಚಪ್ಪಾಳೆಯೇನೂ ಬೀಳಲಿಲ್ಲ. ತಿರುಗಬೇಕಾದದ್ದು ತಿರುಗಿದರೆ ಯಾರು ತಟ್ಟುತ್ತಾರೆ? ಸೊಸೆ ಒಂದು ಬೋರ್ಡನ್ನು ಮನೆಗೆ ತಂದು ತೋರಿಸಿದಳು. ಅತ್ತೆ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

“ಇದೇನಿದು, ‘ಮೋರ್’ ಅಂತ ಅಚ್ಚಾಗಿದೆ?”

‘ಮೋಟರ್’ ಎಂದಿರಬೇಕಾದ ಬಿಳಿ ಅಕ್ಷರಗಳಲ್ಲಿ ನಡುವಿನದು ಬಿಟ್ಟುಹೋಗಿತ್ತು.

“ಅಯ್ಯೋ! ಅತ್ತೆ, ಇದು ನಿಮ್ಮ ಕಣ್ಣಿಗೂ ಬೀಳ್ಲಿಲ್ವಾ?”

“ಇದನ್ನ ನನಗೆ ಓದೋಕೆ ಕೊಟ್ಟಿದ್ಯಾ?”

“ಇಲ್ಲ.”

“ಮತ್ತೆ?” ಅಂದರು ಅತ್ತೆ. ಸೊಸೆಗೆ ನಗು ತಡೆಯಲಾಗಲಿಲ್ಲ. ಒಂದು ಗಳಿಗೆ ಬಿಟ್ಟು ಅವರೂ ನಕ್ಕರು.