ಕೆಂಪವ್ವನ ಟ್ಯೂಬು

೧೯೯೮ರ ದಸರೆ ಮುಗಿದ ವಾರ. ಚಿಕ್ಕೋಡಿಯ ಟೈಪಿಂಗ್ ಅಂಗಡಿಯಲ್ಲಿ ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ಕುಸುಮ ಒಂದು ಸಂಜೆ ನಿಪ್ಪಾಣಿ ಸ್ಟ್ಯಾಂಡಿನಲ್ಲಿ ಬಸ್ಸಿಳಿದಾಗ ಅವಳ ಎರಡೂ ತೋಳು ತುಂಬ ಒಂದು ನೀಲಿ ಚೆಂಡಿತ್ತು. ಮಕ್ಕಳಾಡುವ ಚೆಂಡಲ್ಲ, ನೆಲದ ಮೇಲಿಟ್ಟರೆ ಮೊಣಕಾಲು ಮೀರುವ ರಬ್ಬರಿನ ಗುಡಾಣ. ಬಸ್ಸಿನವರು ನೋಡಿದ್ದು ಸಾಲದೆಂಬಂತೆ ಓಣಿಯವರೂ ಬಾಗಿಲಿಗೆ ಬಂದು ನೋಡಿದರು. ಕುಸುಮ ಮನೆಗೆ ಬಂದವಳೇ ಅದನ್ನು ಬಾಗಿಲ ಹಿಂದೆ ಉರುಳಿಸಿ, ತಾಯಿಯ ಕಡೆ ಬೆನ್ನು ಮಾಡಿ ಚಾಪೆಯ ಮೇಲೆ ಮಲಗಿಬಿಟ್ಟಳು.

ತಾಯಿ ಅಕ್ಕುತಾಯಿ ಗೋಡೆಗೆ ಒರಗಿ, ತೊಡೆಯ ಮೇಲೆ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಬೇರೆ ತಾಯಂದಿರಾಗಿದ್ದರೆ, ದುಡಿಯುವ ಮಗಳಿಗೆ ಎಷ್ಟು ಸೊಕ್ಕು ನೋಡು ಎಂದು ಗೊಣಗುತ್ತಿದ್ದರೇನೋ. ಅಕ್ಕುತಾಯಿಗೂ ಒಂದು ಕಾಲದಲ್ಲಿ ಆ ಚಾಳಿ ಇತ್ತು. ಯಾರಾದರೂ ಬೆನ್ನು ತಿರುಗಿಸಿದರೆ ಕಾರಣ ಕೇಳದೆ ತಾನೂ ಬೆನ್ನು ತಿರುಗಿಸುವ ಹಠ. ಅದು ಬಿಟ್ಟುಹೋಗಿ ಹನ್ನೆರಡು ವರ್ಷವಾಗಿತ್ತು. ಅವಳು ಮೊರ ಕೆಳಗಿಟ್ಟು ಮಗಳ ಹತ್ತಿರ ಹೋಗಿ, ನೋವೇನು ಎಂದು ನೇರವಾಗಿ ಕೇಳಿದಳು.

ಕುಸುಮ ಎಲ್ಲ ಹೇಳಿಕೊಂಡಳು. ಆರು ತಿಂಗಳಿಂದ ನಡ ಹಿಡಿದುಕೊಳ್ಳುತ್ತಿತ್ತು. ಕೊಲ್ಲಾಪುರದ ಡಾಕ್ಟರು ಖುರ್ಚಿ ಬಿಟ್ಟು ಇಂಥ ಚೆಂಡಿನ ಮೇಲೆ ಕೂತು ಕೆಲಸ ಮಾಡು, ಬೆನ್ನು ತಾನಾಗಿ ನೆಟ್ಟಗೆ ನಿಲ್ಲಲು ಕಲಿಯುತ್ತದೆ ಎಂದಿದ್ದರು. ಹಿಂಗೇ ಬಗ್ಗಿ ಕೂತರೆ ವರ್ಷ ತುಂಬುವುದರೊಳಗೆ ಈ ಕೆಲಸ ಬಿಡಬೇಕಾದೀತು ಎಂದೂ ಹೆದರಿಸಿದ್ದರು. ಚೆಂಡಿನ ಮೇಲೆ ಕೂತ ಒಂದು ವಾರಕ್ಕೆ ನೋವು ಇಳಿದದ್ದು ನಿಜ. ಆದರೆ ಅರ್ಜಿ ಟೈಪು ಮಾಡಿಸಲು ಬಂದವರೆಲ್ಲ, ಅಂಗಡಿಯಲ್ಲಿ ಸರ್ಕಸ್ ಶುರುವಾಗಿದೆಯೇ, ತಿಕೀಟು ಎಷ್ಟು ಎಂದು ನಗುತ್ತಿದ್ದರು. ಇವತ್ತು ಒಬ್ಬ ಹೊರಗಿದ್ದವರನ್ನೂ ಕರೆದು ತೋರಿಸಿದ್ದ.

"ನಾಳಿಂದ ಖುರ್ಚಿ ಮ್ಯಾಲನ ಕುಂದರ್ತೀನಿ ಬೇ ಅವ್ವಾ," ಎಂದಳು ಕುಸುಮ. "ನಡಾ ಹೋದ್ರ ಹೋಗ್ಲಿ, ಮಾನ ಉಳೀಲಿ."

ಅಕ್ಕುತಾಯಿ ಬಾಗಿಲ ಹಿಂದಿನ ಚೆಂಡನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಸ್ವಲ್ಪ ತಗ್ಗಿ, ಸ್ವಲ್ಪ ಎದುರೊತ್ತಿತು. ಆ ಹದ ಅವಳ ಬೆರಳಿಗೆ ಗೊತ್ತಿದ್ದದ್ದೇ. ಒಮ್ಮೆಲೇ ಕಣ್ಣು ತುಂಬಿಕೊಂಡು ಬಂದವು.

ಅವಳು ಬೀಡಿ ಕಾರ್ಖಾನೆಯ ಶೆಡ್ಡಿಗೆ ಮೊದಲ ಸಲ ಕಾಲಿಟ್ಟದ್ದು ೧೯೮೨ರಲ್ಲಿ, ಕುಸುಮಳನ್ನು ಶಾಲೆಗೆ ಹಾಕಿದ ವರ್ಷ. ಹಾರೂಗೇರಿಯಿಂದ ಮದುವೆಯಾಗಿ ಬಂದು ಆರು ವರ್ಷವಾಗಿದ್ದರೂ ನಿಪ್ಪಾಣಿಯ ಮರಾಠಿ ಕಿವಿಗೆ ತಿಳಿಯುತ್ತಿತ್ತೇ ಹೊರತು ನಾಲಿಗೆಗೆ ಹೊರಳುತ್ತಿರಲಿಲ್ಲ. ತಗಡಿನ ಶೆಡ್ಡು, ಅದರೊಳಗೆ ಎಂಬತ್ತು ಹೆಂಗಸರು. ನಾಲ್ಕೂ ಗೋಡೆಗೆ ಬೀಡಿ ಎಲೆಯ ಚೀಲಗಳನ್ನು ಒಟ್ಟಿದ್ದರಿಂದ ಒರಗಿ ಕೂರಲು ಗೋಡೆಯೇ ಇರಲಿಲ್ಲ. ಅದಕ್ಕೆ ಅಲ್ಲಿಯ ಹೆಂಗಸರು ತಮ್ಮದೇ ಒಂದು ದಾರಿ ಮಾಡಿಕೊಂಡಿದ್ದರು. ಇಬ್ಬಿಬ್ಬರು ಜೋಡಿಯಾಗಿ, ಬೆನ್ನಿಗೆ ಬೆನ್ನು ಹಚ್ಚಿ ಕೂರುವುದು. ಒಬ್ಬಳಿಗೆ ಇನ್ನೊಬ್ಬಳೇ ಗೋಡೆ. ಹೊಸದಾಗಿ ಬಂದವಳಿಗೆ ಮೊದಲು ಎಲೆ ಕೊಡುತ್ತಿರಲಿಲ್ಲ, ಒಂದು ಬೆನ್ನು ಹುಡುಕಿ ಕೊಡುತ್ತಿದ್ದರು.

ಅಥಣಿ ಕಡೆಯ ಮುದುಕಿ ಕೆಂಪವ್ವನ ಜೋಡಿಯವಳು ಆಗಷ್ಟೇ ಊರು ಬಿಟ್ಟು ಹೋಗಿದ್ದಳು. ಬಾಗಿಲಲ್ಲಿ ಮಿಕಮಿಕ ನೋಡುತ್ತ ನಿಂತಿದ್ದ ಅಕ್ಕುತಾಯಿಯನ್ನು, ಬಾ ಬೇ, ನನ್ನ ಬೆನ್ನಿಗೆ ಕೂರು ಎಂದು ಕೆಂಪವ್ವ ಕರೆದಳು. ಅಷ್ಟು ಜನರ ನಡುವೆ ಕನ್ನಡ ಕೇಳಿ ಅಕ್ಕುತಾಯಿಗೆ ತವರಿಗೆ ಹೋದಷ್ಟು ಸಮಾಧಾನವಾಯಿತು. ಎಲೆ ಕತ್ತರಿಸುವುದು, ತಂಬಾಕು ಹರಡುವುದು, ಬೀಡಿಯ ಬಾಯಿ ಮಡಚುವುದು, ಎಲ್ಲವನ್ನೂ ಕೆಂಪವ್ವ ಹೆಗಲ ಮೇಲಿಂದಲೇ ಕಲಿಸಿದಳು. ನಾಲ್ಕು ವರ್ಷದಲ್ಲಿ ಅಕ್ಕುತಾಯಿಗೆ ಆ ಬೆನ್ನಿನ ಪರಿಚಯ ಎಷ್ಟಾಗಿತ್ತೆಂದರೆ, ಮುದುಕಿಗೆ ನಗೆ ಬಂದರೆ ಸದ್ದು ಬರುವ ಮೊದಲೇ ತಿಳಿಯುತ್ತಿತ್ತು. ಅವಳು ಬುತ್ತಿ ತರದ ದಿನವೂ ತಿಳಿಯುತ್ತಿತ್ತು. ಅಂದು ಅಕ್ಕುತಾಯಿ ತನ್ನದರಲ್ಲಿ ಅರ್ಧ ರೊಟ್ಟಿ ಹಿಂದಕ್ಕೆ ಕೈ ಮಾಡಿ ದಾಟಿಸುತ್ತಿದ್ದಳು.

ಶೆಡ್ಡಿನಲ್ಲಿ ಜಗಳವಾದರೆ ಯಾರೂ ಕೂಗಾಡುತ್ತಿರಲಿಲ್ಲ. ಮುನಿದವಳು ತನ್ನ ಬೆನ್ನು ತೆಗೆದು ಒಂದಿಷ್ಟು ಮುಂದೆ ಸರಿದು ಕೂರುತ್ತಿದ್ದಳು, ಅಷ್ಟೇ. ಅದನ್ನು ನೋಡಿದವರೆಲ್ಲ, ಇಂಥವಳು ಇಂಥವಳಿಂದ ಬೆನ್ನು ತೆಗೆದಳಂತೆ ಎಂದು ಸಂಜೆಯೊಳಗೆ ಊರಿಗೆಲ್ಲ ಮುಟ್ಟಿಸುತ್ತಿದ್ದರು.

೧೯೮೬ರ ದೀಪಾವಳಿ ಆದಮೇಲೆ ಕೆಂಪವ್ವ ಬೆನ್ನು ತೆಗೆದಳು. ಮೊದಲು ಒಂದು ಬೆರಳಿನಷ್ಟು ದೂರ, ಆಮೇಲೆ ಒಂದು ಅಂಗೈಯಷ್ಟು. ಅಕ್ಕುತಾಯಿ ಕಾರಣ ಹುಡುಕಿದಳು. ಹುಡುಕುವವರಿಗೆ ಕಾರಣಕ್ಕೇನು ಬರ? ಅದೇ ವಾರ ಬೀಡಿ ನೋಡಿ ತೆಗೆದುಕೊಳ್ಳುವ ಚೆಕ್ಕರ್ ಬಾಪುಸಾಹೇಬರು ಅವಳ ಕಟ್ಟುಗಳನ್ನು ಎತ್ತಿ ಹಿಡಿದು, ಕೆಂಪವ್ವನ ಕೈ ಈಗ ಈಕೆಗೆ ಬಂದಿದೆ ಎಂದು ನಾಲ್ಕು ಜನರೆದುರು ಹೊಗಳಿದ್ದರು. ಮುದುಕಿಗೆ ಹೊಟ್ಟೆಕಿಚ್ಚು ಎಂದು ಅಕ್ಕುತಾಯಿ ತೀರ್ಮಾನ ಮಾಡಿಬಿಟ್ಟಳು. ಕಲಿಸಿದವಳೇ ಹೀಗೆ ಮಾಡಿದರೆ ಎಂದು ಒಳಗೊಳಗೇ ಕುದಿದಳು. ಹದಿನೈದು ದಿನ ನೋಡಿದಳು, ಆಮೇಲೆ ತಾನೂ ಒಂದು ಗೇಣು ಮುಂದೆ ಸರಿದಳು. ಅವಳದೇನು ಕಡಿಮೆ ಸೊಕ್ಕೇ?

ಮೂರನೆಯ ದಿನ ಮಧ್ಯಾಹ್ನ ಹಿಂದೆ ದಪ್ಪೆಂದು ಸದ್ದಾಯಿತು. ತಿರುಗಿದರೆ ಕೆಂಪವ್ವ ಅಂಗಾತ ಬಿದ್ದಿದ್ದಳು. ಮೊರ ಮಗುಚಿ ತಂಬಾಕೆಲ್ಲ ಮುಖ ಕೊರಳಿನ ಮೇಲೆ ಚೆಲ್ಲಿತ್ತು. ತಡೆಯಲಾಗದೆ ಹಿಂದಕ್ಕೆ ಒರಗಲು ಹೋಗಿದ್ದಳು; ಒರಗಲು ಅಲ್ಲಿ ಬೆನ್ನೇ ಇರಲಿಲ್ಲ.

"ನಡಾ ನಿಂದರವಲ್ದು ಅಕ್ಕೂ," ಎಂದಳು ಕೆಂಪವ್ವ, ತುಟಿಯ ಮೇಲಿನ ತಂಬಾಕು ಒರೆಸಿಕೊಳ್ಳುತ್ತ. "ಬೆನ್ನಿಗಿ ಆತ್ಕೊಂಡ್ರ ಪೂರಾ ಮೈಯೆಲ್ಲಾ ನಿನ್ನ ಮ್ಯಾಲನ ಬೀಳತಿತ್ತು. ನಿನಗ ಭಾರ ಆಗಬಾರ್ದಂತ ಮುಂದ ಬಗ್ಗಿದ್ನಿ."

ಅಕ್ಕುತಾಯಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಹದಿನೈದು ದಿನದಲ್ಲಿ ಒಂದು ಮಾತು ಕೇಳಿದ್ದರೆ ಅವಳ ನಾಲಿಗೆ ಸವೆಯುತ್ತಿತ್ತೇನು? ಕೇಳಲಿಲ್ಲ.

ಬಾಪುಸಾಹೇಬರು ಕೆಟ್ಟವರಲ್ಲ. ಆದರೆ ಕೂರಲಾಗದವರು ಎಲೆ ತಂಬಾಕು ಒಯ್ದು ಮನೆಯಲ್ಲೇ ಕಟ್ಟಬೇಕೆಂಬುದು ಕಾರ್ಖಾನೆಯ ಪದ್ಧತಿ. ಸೋಮವಾರದವರೆಗೆ ನೋಡೋಣ, ಆಮೇಲೆ ಜಾಗ ಬೇರೆಯವರಿಗೆ ಎಂದರು. ಕೆಂಪವ್ವನಿಗೆ ಗಂಡ ಇರಲಿಲ್ಲ, ಒಬ್ಬಳೇ ಮಗಳು ಬೋರಗಾಂವದಲ್ಲಿ. ಬಾಡಿಗೆಯ ಒಂದು ಖೋಲಿಯಲ್ಲಿ ಮಾತಿಗೂ ಜನರಿಲ್ಲ. ಕೂಲಿ ಮನೆಯಲ್ಲೂ ಸಿಗುತ್ತದೆ ಎಂದು ಯಾರೋ ಸಮಾಧಾನ ಹೇಳಿದರೆ ಅವಳು ಕೇಳಿದ್ದು ಒಂದೇ ಮಾತು.

"ಮನ್ಯಾಗ ಕುಂತ್ರ ಯಾರ ಬೆನ್ನಿಗಿ ಕುಂದರ್ಲಿ?"

ಆ ಸಂಜೆ ಅಕ್ಕುತಾಯಿ ಗಂಡನೆದುರು ಅತ್ತಳು. ಗಂಡ ಧೂಳಪ್ಪನದು ಪುಣೆ ಹೆದ್ದಾರಿಯ ಬದಿಗೆ ಪಂಕ್ಚರ್ ಅಂಗಡಿ. ಮಾತು ಕಡಿಮೆಯ ಆಸಾಮಿ. ಅವನು ಬೆಳಗಿನಿಂದ ಸಂಜೆತನಕ ಲಾರಿ ಚಕ್ರ ಬಿಚ್ಚುತ್ತಿದ್ದದ್ದು ಗಾಳಿ ತುಂಬಿದ ಜೀಪಿನ ಟ್ಯೂಬಿನ ಮೇಲೆ ಕೂತುಕೊಂಡೇ. ನನ್ನ ನಡ ಎಂದಾದರೂ ನೊಂದಿದೆಯೇನು ಎಂದಷ್ಟೇ ಕೇಳಿ, ಮಾರನೆಯ ದಿನ ಮೂರು ತ್ಯಾಪೆ ಹಾಕಿದ ಒಂದು ಹಳೆಯ ಟ್ಯೂಬು ತಂದ. ಮೊದಲ ಸಲ ಲಾರಿಗೆ ತುಂಬುವಂತೆ ತುಂಬಿಬಿಟ್ಟಿದ್ದರಿಂದ ಕೆಂಪವ್ವ ಕೂತಲ್ಲಿಂದ ಜಾರಿ ಬಿದ್ದಳು. ಅವನು ಅರ್ಧ ಗಾಳಿ ಬಿಟ್ಟು, ಹೆಬ್ಬೆರಳಿನಿಂದ ಒತ್ತಿ ಹದ ನೋಡಿ, ಮೇಲೆ ಹಳೆಯ ಸೀರೆ ಸುತ್ತಿ ಕೊಟ್ಟ. ಅದರ ಮೇಲೆ ಕೂತರೆ ಬಗ್ಗಲು ಆಗುವುದೇ ಇಲ್ಲ. ಬಗ್ಗಿದರೆ ಟ್ಯೂಬು ಹೊರಳುತ್ತದೆ, ಹೊರಳಿದರೆ ಬೆನ್ನು ತಾನೇ ನೆಟ್ಟಗಾಗುತ್ತದೆ.

ಸೋಮವಾರ ಶೆಡ್ಡಿನಲ್ಲಿ ನಗೆಯ ಜಾತ್ರೆ. ಕೆಂಪವ್ವ ಜೀಪು ತಂದಳು, ಹಾರ್ನು ಎಲ್ಲಿ ಎಂದು ಒಬ್ಬಳು. ಮುದುಕಿ ಪಟ್ಟಕ್ಕೇರಿದಳು, ಆರತಿ ತರ್ರಿ ಎಂದು ಇನ್ನೊಬ್ಬಳು. ಎಲ್ಲರೂ ನೆಲದ ಮೇಲೆ ಕೂತಿರುವಾಗ ತಾನೊಬ್ಬಳೇ ಎತ್ತರದಲ್ಲಿ ಕೂತದ್ದು ಕೆಂಪವ್ವನಿಗೇ ಸಹಿಸಲಾಗಲಿಲ್ಲ. ನೆಲಕ್ಕೆ ಕೈಯೂರಿ ಏಳತೊಡಗಿದಳು. ಹಿಂದೆ ನೆಲದ ಮೇಲಿದ್ದ ಅಕ್ಕುತಾಯಿಗೆ ಅದು ಬೆನ್ನಿನಲ್ಲೇ ತಿಳಿಯಿತು. ಟ್ಯೂಬಿನ ಎತ್ತರದಿಂದಾಗಿ ಈಗ ಅವಳ ಹೆಗಲು ಸರಿಯಾಗಿ ಮುದುಕಿಯ ನಡಕ್ಕೆ ಬಂದಿತ್ತು. ಅವಳು ಹೆಗಲನ್ನು ಅಲ್ಲಿ ಗಟ್ಟಿಯಾಗಿ ಒತ್ತಿದಳು.

"ಏಳಬ್ಯಾಡ ಆಯಿ," ಎಂದಳು. "ನಾ ಅದೀನಿ."

ಮರುದಿನ ತಾನೂ ಒಂದು ಟ್ಯೂಬು ತಂದು ಕೂತಳು, ಅವಳ ನಡಕ್ಕೇನೂ ಆಗಿರಲಿಲ್ಲ. ಒಬ್ಬಳನ್ನು ನೋಡಿ ನಕ್ಕಷ್ಟು ಸುಲಭವಾಗಿ ಇಬ್ಬರನ್ನು ನೋಡಿ ನಗಲು ಬರುವುದಿಲ್ಲ. ಸಂಕ್ರಾಂತಿಯ ಹೊತ್ತಿಗೆ ಶೆಡ್ಡಿನಲ್ಲಿ ಹನ್ನೊಂದು ಟ್ಯೂಬುಗಳಾದವು. ಇದು ಬೀಡಿ ಕಾರ್ಖಾನೆಯೋ ಗ್ಯಾರೇಜೋ ಎಂದು ಬಾಪುಸಾಹೇಬರು ಗೊಣಗಿದರು, ಆದರೆ ಕೆಂಪವ್ವನ ಜಾಗದ ಮಾತು ಮತ್ತೆ ಎತ್ತಲಿಲ್ಲ.

ಮುದುಕಿ ಮಾತ್ರ ಒಂದು ದಿನ ಮೆಲ್ಲಗೆ ದೂರು ಹೇಳಿದಳು. ಮೊದಲ ದಿನವೇ ಚೆನ್ನಾಗಿತ್ತಂತೆ. ಆಗ ಅಕ್ಕೂನ ಹೆಗಲು ನೋಯುವ ಜಾಗಕ್ಕೆ ಸರಿಯಾಗಿ ಬರುತ್ತಿತ್ತಂತೆ. ಅಕ್ಕುತಾಯಿ ಅಂದೇ ತನ್ನ ಟ್ಯೂಬಿನ ಗಾಳಿ ಮುಕ್ಕಾಲುಪಾಲು ಬಿಟ್ಟಳು. ಆಮೇಲೆ ಐದು ವರ್ಷ ಅವಳು ತಗ್ಗಿದ ಟ್ಯೂಬಿನ ಮೇಲೆಯೇ ಕೂತಳು. ಅವಳ ಬಾಳಿನಲ್ಲಿ ಅಷ್ಟು ಸುಖದ ಐದು ವರ್ಷ ಬೇರೆ ಇರಲಿಲ್ಲ.

೧೯೯೧ರಲ್ಲಿ ಮಗಳು ಬಂದು ಕೆಂಪವ್ವನನ್ನು ಬೋರಗಾಂವಕ್ಕೆ ಕರೆದೊಯ್ದಳು. ಎರಡು ವರ್ಷಕ್ಕೆ ಮುದುಕಿ ತೀರಿಕೊಂಡಳು. ಸುದ್ದಿ ಅಕ್ಕುತಾಯಿಗೆ ಮುಟ್ಟಿದ್ದು ಮೂರು ದಿನದ ಮೇಲೆ. ಫೋಟೋ ಎಂಬುದು ಒಂದೂ ಇರಲಿಲ್ಲ. ನೆನೆಸಿಕೊಳ್ಳಲು ಹೋದರೆ ಮುಖವೂ ಸರಿಯಾಗಿ ನೆನಪಿಗೆ ಬರುತ್ತಿರಲಿಲ್ಲ. ಒಂಬತ್ತು ವರ್ಷ ಜೊತೆಗೆ ಕೂತರೂ ಇಬ್ಬರ ಮುಖ ಬೇರೆ ಬೇರೆ ದಿಕ್ಕಿಗಿದ್ದವಲ್ಲ. ನೆನಪಿದ್ದದ್ದು ಬೆನ್ನು. ಆಮೇಲೆ ಶೆಡ್ಡೂ ಮುಚ್ಚಿತು, ಎಲ್ಲರಿಗೂ ಮನೆಯಲ್ಲೇ ಕಟ್ಟುವ ಕೆಲಸ ಬಂತು. ಅಕ್ಕುತಾಯಿಗೆ ಈಗ ಒರಗಲು ಗೋಡೆ ಇದೆ. ಗೋಡೆ ಗಟ್ಟಿಯೇನೋ ಹೌದು. ಆದರೆ ನಗುವುದಿಲ್ಲ, ಕೆಮ್ಮುವುದಿಲ್ಲ, ರೊಟ್ಟಿ ಕೇಳುವುದಿಲ್ಲ.

ಮರುದಿನ ಬೆಳಿಗ್ಗೆ ಕುಸುಮ ಎದ್ದಾಗ ತಾಯಿ ಅಟ್ಟದಿಂದ ತನ್ನ ಹಳೆಯ ಟ್ಯೂಬು ಇಳಿಸಿದ್ದಳು. ಧೂಳಪ್ಪ ಏನು ಎತ್ತ ಎಂದು ಕೇಳದೆ ಕಾಲುಪಾಲು ಗಾಳಿ ತುಂಬಿ, ಹೆಬ್ಬೆರಳಿನಿಂದ ಒತ್ತಿ ನೋಡಿ ಕೊಟ್ಟ. ತಾಯಿ ಟ್ಯೂಬನ್ನು ಹೆಗಲಿಗೆ ಹಾಕಿಕೊಂಡು, ಮಗಳಿಗೆ ಚೆಂಡು ಎತ್ತಿಸಿಕೊಂಡು ಚಿಕ್ಕೋಡಿ ಬಸ್ಸು ಹತ್ತಿದಳು. ಸ್ಟೆಪ್ನಿ ಸಮೇತ ಹೊರಟಿರಲ್ಲ, ಬಸ್ಸಿನ ಮೇಲೆ ನಂಬಿಕೆ ಇಲ್ಲವೇನು ಎಂದು ಕಂಡಕ್ಟರ್ ಕೇಳಿದ. ಕುಸುಮಳಿಗೆ ತಲೆ ಎತ್ತಲಾಗಲಿಲ್ಲ. ಅಕ್ಕುತಾಯಿ ಮಾತ್ರ ಕಿಟಕಿಯಾಚೆ ನೋಡುತ್ತ ನಕ್ಕಳು.

ಅಂಗಡಿಯ ಮಾಲಕ ನೇಮಿನಾಥ ಮರ್ಯಾದಸ್ಥ. ಎದ್ದು ನಿಂತು, ಕುಂದರ್ರಿ ಅವ್ವಾರ ಎಂದು ಖುರ್ಚಿ ಎಳೆದ. ಅಕ್ಕುತಾಯಿ ಬೇಡವೆಂದು ಕೈಮಾಡಿ, ಕಂಪ್ಯೂಟರ್ ಮುಂದೆ ಚೆಂಡು ಇಡಿಸಿದಳು, ಅದರ ಹಿಂದೆ ತನ್ನ ಟ್ಯೂಬು ಇಟ್ಟಳು. ಮಗಳು ಮನಸ್ಸಿಲ್ಲದ ಮನಸ್ಸಿನಿಂದ ಚೆಂಡಿನ ಮೇಲೆ ಕೂತಳು. ತಾಯಿ ಅವಳ ಬೆನ್ನಿಗೆ ಬೆನ್ನು ಮಾಡಿ ಟ್ಯೂಬಿನ ಮೇಲೆ ಕೂತು, ಬಾಗಿಲಲ್ಲಿ ನೆರೆದವರ ಕಡೆ ಮುಖ ಮಾಡಿ ಸುಮ್ಮನೆ ನೋಡಿದಳು. ನಿನ್ನೆ ಜನ ಕರೆದು ತೋರಿಸಿದ್ದವನೂ ಅವರೊಳಗಿದ್ದ. ಯಾರೋ ಕಿಸಕ್ಕೆಂದರು. ಕುಸುಮ ಅರ್ಧ ಎದ್ದಳು.

ಚೆಂಡು ಎತ್ತರ, ಟ್ಯೂಬು ತಗ್ಗು. ತಾಯಿಯ ಹೆಗಲು ಸರಿಯಾಗಿ ಮಗಳ ನಡಕ್ಕೆ ಬಂದಿತ್ತು. ಅವಳು ಅಲ್ಲಿ ಒತ್ತಿ ಹಿಡಿದು, ಏಳಬೇಡ ಎಂದಳು. ಕುಸುಮ ಕೂತಳು. ನೋಡುವವರು ಎಷ್ಟು ಹೊತ್ತು ನೋಡಿಯಾರು? ಒಬ್ಬೊಬ್ಬರಾಗಿ ಸರಿದರು. ನಿನ್ನೆಯವನು ಕೆಮ್ಮಿ, ತನ್ನ ಅರ್ಜಿಯ ಕಾಗದ ಮುಂದೆ ಮಾಡಿದ.

ಕೀಲಿಮಣೆಯ ಸದ್ದು ಮೊದಲು ಅಂಜಂಜುತ್ತ, ಆಮೇಲೆ ಓಟಕ್ಕೆ ಬಿತ್ತು. ಅದರ ಅದುರು ಚೆಂಡಿನಿಂದ ಮಗಳ ನಡಕ್ಕೆ, ನಡದಿಂದ ತನ್ನ ಹೆಗಲಿಗೆ ಇಳಿಯುವುದು ಅಕ್ಕುತಾಯಿಗೆ ತಿಳಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಆ ಬೆನ್ನು ಬಿಗಿ ಬಿಟ್ಟು ಅವಳ ಮೇಲೆ ಒರಗಿತು. ಒರಗಿ, ಮತ್ತೆ ಚೂರು ಮುಂದೆ ಸರಿಯಿತು.

"ಅವ್ವಾ," ಎಂದಳು ಕುಸುಮ ತಿರುಗದೆ, "ಭಾರ ಆಗಾಕತ್ತೈತೇನ?"

ಹನ್ನೆರಡು ವರ್ಷದ ಹಿಂದೆ ಕೆಂಪವ್ವ ಬಾಯಿಬಿಟ್ಟು ಕೇಳದೇ ಹೋದ ಮಾತು ಅದು. ಉತ್ತರ ಅಂದಿನಿಂದ ಅಕ್ಕುತಾಯಿಯ ಬಾಯಲ್ಲೇ ಉಳಿದಿತ್ತು.

"ಇಲ್ಲವ್ವಾ," ಎಂದಳು. "ಇನ್ನೊಂದೀಟು ಆತ್ಕೋ."