ಹದಿನೈದರ ನೀಲಿ ಫ್ಯೂಸು

“ಬಲಕ್ಕೆ ತಿರಗ್ಸೋ, ಪೂರಾ ಬಲಕ್ಕೆ,” ಎಂದು ದೇವಾನಂದ ಹೇಳುತ್ತಿದ್ದರೆ, ಬಾನೆಟ್ಟಿಗೆ ಹೆಗಲು ಕೊಟ್ಟ ನಾಲ್ವರಲ್ಲಿ ಇಬ್ಬರು ಎಡಕ್ಕೆ ಎನ್ನುತ್ತಿದ್ದರು. ಒಳಗೆ ಕೂತ ನಿತೇಶ ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು ಜಗ್ಗಿದ. ಅದು ಕಾಲು ಸುತ್ತು ಬಂದು ನಿಂತಿತು. ಮುಂದೆ ಪಾಗಾರದ ಗೋಡೆಯ ಕಂಬ, ಹಿಂದೆ ತೆಂಗಿನ ಮರ. ಇಂಜಿನ್ ಶುರುವಾಗಿದ್ದರೂ ಡ್ಯಾಶ್‌ಬೋರ್ಡಿನಲ್ಲಿ ಸ್ಟೀರಿಂಗಿನ ಚಿತ್ರದ ಹಳದಿ ದೀಪ ಆರದೆ ಉರಿಯುತ್ತಿತ್ತು.

ಬೆಳಂಬಾರದ ಆ ಮನೆಯಿಂದ ರಸ್ತೆಗೆ ಇದ್ದದ್ದು ಒಂದೇ ಓಣಿ. ಓಣಿಯ ಬಾಯಿಗೆ ಅಡ್ಡಲಾಗಿ ಮಾದೇವನ ಬಿಳಿ ಕಾರು ನಿಂತಿತ್ತು. ಜಗಲಿಯಲ್ಲಿ ಮೂಗಿಗೆ ಹತ್ತಿ ಇಟ್ಟುಕೊಂಡು ಮಾದೇವ ಮಲಗಿದ್ದ. ಕಾರು ಸರಿಯದೆ ಅವನ ಚಟ್ಟ ಹೊರಗೆ ಹೋಗುವಂತಿರಲಿಲ್ಲ. ಪಾಗಾರದ ಮೇಲಿಂದ ದಾಟಿಸಿದರಾಯಿತು ಎಂದು ಒಬ್ಬರು, ಕಾರನ್ನೇ ಎತ್ತಿ ಪಕ್ಕಕ್ಕಿಟ್ಟರಾಯಿತು ಎಂದು ಇನ್ನೊಬ್ಬರು. ಯಾರ ಮಾತನ್ನು ಯಾರೂ ಕೇಳುತ್ತಿರಲಿಲ್ಲ.

“ಮೂವತ್ತು ವರ್ಷ ಕೈಗಾ ಬಸ್ ತಿರಗ್ಸದಂವ,” ಎಂದ ದೇವಾನಂದ. ಅವನೂ ಅದೇ ಬಸ್ಸುಗಳ ನಿವೃತ್ತ ಡ್ರೈವರ್. “ಕಡೀಗೆ ಈ ಬೆಂಕಿಪೆಟ್ಗಿ ಅಂವನ ದಾರಿಗೇ ಅಡ್ಡ ನಿಂತದೆ ನೋಡು. ನಿನ್ನೆ ಸಂಜಿಗೂ ಇದನ್ನೇ ಜಗ್ಗೂಕೆ ಹೋಗಿ ಎದೆ ಒಡ್ಕಂಡ ಅಂತ ಕಾಣ್ತದೆ.”

ನಿತೇಶ ಸ್ಟೀರಿಂಗಿನಿಂದ ಕೈ ತೆಗೆದ.

ಅವನ ಪ್ಯಾಂಟಿನ ಹಿಂದಿನ ಕಿಸೆಯಲ್ಲಿ ಪಾಕೀಟಿತ್ತು. ಪಾಕೀಟಿನಲ್ಲಿ ಬೆರಳುಗುರಿನಷ್ಟು ದೊಡ್ಡ, ಹದಿನೈದು ಎಂದು ಬರೆದ ಒಂದು ನೀಲಿ ಫ್ಯೂಸು. ಬಗ್ಗಿ ಡ್ಯಾಶ್‌ಬೋರ್ಡಿನ ಕೆಳಗೆ ಅದನ್ನು ಒತ್ತಿದರೆ ದೀಪ ಆರುತ್ತಿತ್ತು, ಸ್ಟೀರಿಂಗ್ ಹಗುರಾಗುತ್ತಿತ್ತು, ಮಾವ ಮಾದೇವ ಹೊರಡುತ್ತಿದ್ದ. ಎರಡು ಸೆಕೆಂಡಿನ ಕೆಲಸ. ಆದರೆ ಮಾದೇವ ಇಪ್ಪತ್ತು ದಿನ ತಿಣುಕಿದ ಗಾಡಿಯನ್ನು ಎರಡು ಸೆಕೆಂಡಿನಲ್ಲಿ ಸರಿಮಾಡಿದವನು ಯಾರು, ಆ ಫ್ಯೂಸು ಎಲ್ಲಿಂದ ಬಂತು ಎಂದು ಐವತ್ತು ಜನ ಕೇಳದೆ ಬಿಡುತ್ತಿರಲಿಲ್ಲ.

ಇನ್ನೊಂದು ಸಂಗತಿಯೂ ಇತ್ತು. ಮಾದೇವನಿಗೆ ಒಬ್ಬಳೇ ಮಗಳು. ಬೆಂಕಿಯ ಮಡಕೆ ಹಿಡಿದು ಮುಂದೆ ನಡೆಯಬೇಕಾದವನು ತಂಗಿಯ ಮಗ ನಿತೇಶನೇ ಎಂದು ಹಿರಿಯರು ಬೆಳಿಗ್ಗೆಯೇ ಹೇಳಿಬಿಟ್ಟಿದ್ದರು.

*

ನಿತೇಶ ಕೈಗಾ ಅಣುಸ್ಥಾವರದಲ್ಲಿ ಗುತ್ತಿಗೆಯ ಎಲೆಕ್ಟ್ರಿಷಿಯನ್. ವಯಸ್ಸು ಇಪ್ಪತ್ತಾರು. ಅವನು ಬಾಗಿಲಿನಿಂದ ಒಳಗೆ ಬಂದರೆ ಅದು ಬರುವುದಲ್ಲ, ಎಂಟ್ರಿ. ಚಾ ಬೇಡ ಎನ್ನುವುದಕ್ಕೂ ಒಂದು ಡೈಲಾಗು. ಮಾದೇವ ನಿವೃತ್ತನಾದ ತಿಂಗಳಿಗೆ, ಡಿಪೋ ಸಾಹೇಬರ ದನಿಯಲ್ಲಿ ಫೋನ್ ಮಾಡಿ ನಾಳೆ ಡ್ಯೂಟಿಗೆ ಬನ್ನಿ ಎಂದಿದ್ದ. ಮಾದೇವ ಬೆಳಿಗ್ಗೆ ಖಾಕಿ ಹಾಕಿಕೊಂಡು, ಕ್ರಾಪು ಬಾಚಿಕೊಂಡು ಸ್ಟಾಪಿಗೆ ಬಂದು ನಿಂತ. ಬಸ್ಸಿನಲ್ಲಿದ್ದವರೆಲ್ಲ ಚಪ್ಪಾಳೆ ಹೊಡೆದರು. ಅವನು ಸಿಟ್ಟಾಗಲಿಲ್ಲ. ಬಸ್ಸು ತಿರುವು ದಾಟುವ ತನಕ ನಿಂತು ನೋಡಿ ಮನೆಗೆ ಹೋದ.

ಆಮೇಲೆ ಹಳೆಯ ಕಾರೊಂದನ್ನು ತಂದ. ತಂದ ದಿನದಿಂದ ಒಂದೇ ದೂರು: ಸ್ಟೀರಿಂಗಿಗೆ ತೂಕವೇ ಇಲ್ಲ.

“ಬಸ್ಸಲ್ಲಿ ರಸ್ತೆ ಕೈಗೆ ಗೊತ್ತಾಗ್ತದೆ ತಮಾ. ಇದ್ರಲ್ಲಿ ನಾ ತಿರಗ್ಸೂಕೂ ಮುಂಚೆ ಮತ್ತ್ಯಾರೋ ಹೌದು ಸಾಯೇಬ್ರೇ ಅಂತ ತಿರಗ್ಸಿಬಿಡ್ತಾರೆ.”

ಒಂದು ಭಾನುವಾರ ಮಾವ ಮೀನು ತರಲು ಬೇಲೆಕೇರಿಗೆ ಹೋಗಿದ್ದಾಗ ನಿತೇಶ ಕಾರಿನೊಳಗೆ ಬಗ್ಗಿ, ಸ್ಟೀರಿಂಗ್ ಹಗುರ ಮಾಡುವ ಮೋಟರಿನ ಆ ಫ್ಯೂಸು ಕಿತ್ತ. ಡೈಲಾಗು ತಯಾರಿತ್ತು: ತೂಕ ಕೇಳಿದವನು ನೀನು, ತೂಕ ಕೊಟ್ಟವನು ನಾನು, ಹೆಸರು ನೆನಪಿಟ್ಟುಕೋ. ಡ್ರೈವರನಾದವನು ಮೊದಲು ನೋಡುವುದೇ ಫ್ಯೂಸು. ಐದು ನಿಮಿಷದಲ್ಲಿ ಸಿಕ್ಕಿಬೀಳುವೆ ಎಂದು ಅವನು ಕಾದಿದ್ದ.

ಮರುದಿನ ಸಂಜೆ ಬಸ್ಸಿಳಿದು ಬಂದಾಗ ಓಣಿಯ ಬಾಯಿಯ ನೆರಳಿನಲ್ಲಿ ಕಾರು, ಕಾರಿನಿಂದ ಹೊರಗೆ ಮಾವನ ಎರಡು ಕಾಲು.

“ಫ್ಯೂಸೆಲ್ಲ ನೋಡ್ದೆ, ಸರಿ ಅದೆ,” ಎಂದ ಮಾದೇವ ಒಳಗಿನಿಂದಲೇ. “ಬ್ಯಾಟ್ರಿಯದೇ ಇರ್ಬೇಕು. ಸ್ಪ್ಯಾನರ್ ಕೊಡು.”

ನಿತೇಶನಿಗೆ ತಲೆ ಕೆಟ್ಟುಹೋಯಿತು. ಮಾವನಿಗೆ ಕಣ್ಣು ಕಾಣುವುದಿಲ್ಲವೇ? ಡೈಲಾಗು ಬಿಟ್ಟು ಸ್ಪ್ಯಾನರ್ ಕೊಟ್ಟ.

*

ಮಾದೇವನ ಹೆಂಡತಿ ರುಕ್ಮಿಣಿ ಹಿತ್ತಲ ಮೆಟ್ಟಿಲ ಮೇಲೆ ಕವಳದ ಎಲೆ ಒರೆಸುತ್ತ ಕೂತಿದ್ದಳು. ಚಟ್ಟದ ಮೇಲೆ ಗಂಡನ ಜೊತೆ ಕಳಿಸುವ ಎಲೆಯಡಿಕೆಯ ಕವಳ ಅದು. ಪಕ್ಕದಲ್ಲಿ ಮಗಳು ಸಂಧ್ಯಾ, ಬೆಳಗಾಗುತ್ತಲೇ ಕಾರವಾರದಿಂದ ಬಂದವಳು. ನಿತೇಶ ಬಂದು ಎದುರಿಗೆ ನಿಂತ. ಇಂಥ ಸೀನಿಗೆ ಅವನ ಬಳಿ ನೂರು ಡೈಲಾಗು ಇದ್ದವು. ಒಂದೂ ಬರಲಿಲ್ಲ.

“ಅತ್ತೆ, ನಾ ಬೆಂಕಿ ಹಿಡೂದಿಲ್ಲ.”

“ಎಂತಕೆ?”

“ಕಾರ್ ಹಾಳ್ ಮಾಡ್ದಂವ ನಾನು. ಫ್ಯೂಸ್ ಕಿತ್ತಿಟ್ಕಂಡಿದ್ದೆ. ತಮಾಷಿಗೆ. ಇಪ್ಪತ್ತು ದಿವ್ಸ ಆಯ್ತು.” ಪಾಕೀಟು ಬಿಚ್ಚಿ ತೋರಿಸಿದ. “ಸ್ಟೀರಿಂಗ್ ಕಲ್ಲಾಗಿತ್ತು. ಅದನ್ನ ಜಗ್ಗಿ ಜಗ್ಗಿ ಮಾವ…”

ರುಕ್ಮಿಣಿ ಎಲೆ ಒರೆಸುವುದನ್ನು ನಿಲ್ಲಿಸಿ ಮಗಳ ಮುಖ ನೋಡಿದಳು. ಸಂಧ್ಯಾ ಇವನ ಮುಖ ನೋಡಿದಳು.

“ಯಾವ ಕಾರು?”

“ಯಾವ ಕಾರು ಅಂದ್ರೆ? ಅದೇ.”

“ಅದ್ರಲ್ಲೇ ಅಲ್ವನೋ ನಿನ್ನೆ ಕಾರವಾರಕೆ ಬಂದದ್ದು,” ಎಂದಳು ಸಂಧ್ಯಾ. “ಅಪ್ಪ ಅಮ್ಮ ಇಬ್ರೂ ನಮ್ಮನೇಲಿ ಊಟ ಮಾಡ್ಕಂಡು ಹೋದ್ರು. ನಮ್ಮ ಗಲ್ಲಿ ಎಷ್ಟು ಇಕ್ಕಟ್ಟು ಅಂತ ನಿಂಗೆ ಗೊತ್ತದೆ. ಅಪ್ಪ ಒಂದೇ ಬೆರಳಲ್ಲಿ ತಿರಗ್ಸಿ ನನ್ನ ಮಗಂಗೆ ತೋರ್ಸ್ದ.”

ನಿತೇಶ ಕೈಯಲ್ಲಿದ್ದ ಫ್ಯೂಸು ನೋಡಿದ. ಅದು ಇಲ್ಲಿದೆ. ಅದು ಇಲ್ಲಿದ್ದರೆ ಸ್ಟೀರಿಂಗ್ ಒಂದೇ ಬೆರಳಿಗೆ ತಿರುಗಿದ್ದು ಹೇಗೆ? ಅವನು ಮೆಟ್ಟಿಲ ಮೇಲೆ ಕೂತ.

ರುಕ್ಮಿಣಿ ಎದ್ದು ಒಳಗೆ ಹೋಗಿ ಒಂದು ಸ್ಟೀಲಿನ ತಟ್ಟೆ ತಂದಳು. ನಿನ್ನೆ ಮಾದೇವನನ್ನು ಕಾರಿನಿಂದ ಇಳಿಸಿದಾಗ ಮೈಮೇಲಿದ್ದ ಸಾಮಾನು: ಕನ್ನಡಕ, ಗಡಿಯಾರ, ಸುಣ್ಣದ ಡಬ್ಬಿ. ಮತ್ತೆ ಅಂಥದೇ ಇನ್ನೊಂದು ಹೊಸ ನೀಲಿ ಫ್ಯೂಸು. ಹದಿನೈದು.

“ಇದು ಅವ್ರ ಮುಷ್ಟಿಯಲ್ಲಿತ್ತು,” ಎಂದಳು. “ದಿನಾ ಐದು ಗಂಟಿ ಆದ್ರೆ ಕಾರಲ್ಲಿ ಹೋಗಿ ಬಗ್ಗೂದು. ಎಂತ ಮಾಡ್ತ್ರಿ ಅಂತ ಕೇಳ್ದೆ. ನಿತೇಶ ಬರೂ ಹೊತ್ತಾಯ್ತು, ಗಾಡಿ ಹಾಳ್ ಮಾಡ್ಬೇಕು ಅಂದ್ರು. ಎಂತದೋ ತಮಾಷಿ ಅಂತ ನಾ ಸುಮ್ನಾದೆ.”

*

ಹತ್ತಿರ ಹತ್ತಿರ ಇಪ್ಪತ್ತು ಸಂಜೆ. ಬ್ಯಾಟರಿಯ ಕೊಂಡಿಗಳನ್ನು ಬಿಸಿನೀರಲ್ಲಿ ತೊಳೆದರು. ಅರ್ಥಿಂಗ್ ವಯರಿನ ತುದಿ ಕೆರೆದು ಬಿಗಿ ಮಾಡಿದರು. ಸ್ಟೀರಿಂಗ್ ಕೆಳಗಿನ ಮುಚ್ಚಳ ತೆಗೆದು ಪುಟ್ಟ ಮೋಟರಿನ ಪ್ಲಗ್ಗನ್ನು ಕಿತ್ತು, ಊದಿ, ಮತ್ತೆ ಸಿಕ್ಕಿಸಿದರು. ಮೊಬೈಲಿನಲ್ಲಿ ಯಾರೋ ಹಿಂದಿಯಲ್ಲಿ ಹೇಳಿದ್ದನ್ನು ನಾಲ್ಕು ನಾಲ್ಕು ಸಲ ನೋಡಿ, ಇಬ್ಬರೂ ಬೇರೆ ಬೇರೆಯಾಗಿ ಅರ್ಥ ಮಾಡಿಕೊಂಡು ಜಗಳಾಡಿದರು. ರುಕ್ಮಿಣಿ ಚಾ ತಂದು ಬಾನೆಟ್ಟಿನ ಮೇಲೆ ಇಡುತ್ತಿದ್ದಳು. ಮೊದಲೆಲ್ಲ ಹಬ್ಬಕ್ಕೊಮ್ಮೆ ಎಂಟ್ರಿ ಕೊಡುತ್ತಿದ್ದ ಸೋದರಳಿಯ ತಪ್ಪಿತಸ್ಥನ ಹಾಗೆ ದಿನವೂ ಬಂದ.

ಒಂದು ಸಂಜೆ ಕಾರಿನಡಿಯಿಂದ ಮಾದೇವ ಹೇಳಿದ:

“ಕೈಗಾ ದಾರೀಲಿ ಒಂದು ತಿರುವದೆ. ಮೂವತ್ತು ವರ್ಷ, ದಿನಾ ಅಲ್ಲಿ ನಂಗೆ ಹೆದ್ರಿಕೆ. ಯಾರಿಗೂ ಹೇಳ್ಲಿಲ್ಲ. ಹಿಂದೆ ಐವತ್ತು ಜನ ನಿದ್ದೆ ಮಾಡ್ತಾ ಇರ್ತಿದ್ರು.”

ಆಗ ಹೇಳಿಬಿಡಬೇಕೆಂದು ನಿತೇಶ ಬಾಯಿ ತೆರೆದಿದ್ದ. ಮಾವ ಟಾರ್ಚು ಕೇಳಿದ. ಕೊಟ್ಟ.

ಮೊನ್ನೆ ನಿತೇಶ ಮನೆಗೆ ಹೊರಟಾಗ ಮಾದೇವ ಕೈ ಒರೆಸಿಕೊಳ್ಳುತ್ತ, ನಾಳೆ ಬೇಗ ಬಾ, ನಾಳೆ ಕ್ಲೈಮಾಕ್ಸ್ ಎಂದಿದ್ದ. ಮೆಕ್ಯಾನಿಕನನ್ನು ಕರೆಸುತ್ತಾನೆ, ಇನ್ನು ಸಿಕ್ಕಿಬಿದ್ದೆ ಎಂದುಕೊಂಡ ನಿತೇಶ ನಿನ್ನೆ ಊರಿಗೆ ಬರಲೇ ಇಲ್ಲ. ಅಂಕೋಲೆಯಲ್ಲಿ ಇಳಿದು ಒಂದು ತಾಸು ವಡೆ ಅಂಗಡಿಯಲ್ಲಿ ಕೂತ. ಫೋನು ಬಂದದ್ದು ಅಲ್ಲಿಗೆ.

*

“ನಿನ್ನೆ ಎಂತಕೆ ಕಿತ್ತ ಹಂಗಾರೆ?” ಎಂದ ನಿತೇಶ. “ಕ್ಲೈಮಾಕ್ಸ್ ಅಂದಿದ್ದ. ನನ್ನ ಕೈಯಲ್ಲಿ ಕೊಡೂಕಾ? ಅಲ್ಲಾ ಇನ್ನೂ ಆಡ್ಸೂಕಾ?”

“ನಂಗೆಂತ ಗೊತ್ತು.” ರುಕ್ಮಿಣಿ ಎಲೆಗೆ ಸುಣ್ಣ ಹಚ್ಚಿದಳು. “ಎದೆಗೆ ಎರಡು ವರ್ಷದಿಂದ ಮಾತ್ರೆ ತಕಣ್ತಿದ್ರು. ನಿಂಗೆ ಹೇಳ್ಬೇಡ ಅಂದಿದ್ರು.”

“ನಂಗೆ ಮಾತ್ರ ಎಂತಕೆ?”

“ಗೊತ್ತಾದ್ರೆ ಈ ಪೋರ ತಮಾಷಿ ಮಾಡೂದು ಬಿಟ್ಬಿಡ್ತಾನೆ ಅಂದ್ರು.”

ನಿತೇಶನಿಗೆ ಅಳು ಬರುತ್ತಿದೆಯೋ ನಗು ಬರುತ್ತಿದೆಯೋ ತಿಳಿಯಲಿಲ್ಲ. ಮುಖವನ್ನು ಹೇಗೆ ಇಟ್ಟುಕೊಳ್ಳಬೇಕೆಂದೂ ತಿಳಿಯದೆ ಅಂಗಿಯ ತೋಳಿನಿಂದ ಒರೆಸಿಕೊಂಡ.

“ಹೋಗು, ಕಾರು ತೆಗಿ,” ಎಂದಳು ರುಕ್ಮಿಣಿ. “ಎಷ್ಟೊತ್ತು ಕಾಯ್ಸ್ತೆ ಅವ್ರನ್ನ.”

ಕಾರಿನ ಸುತ್ತ ಚರ್ಚೆ ಇನ್ನೂ ನಡೆದಿತ್ತು. ನಿತೇಶ ಯಾರಿಗೂ ಏನೂ ಹೇಳದೆ ಒಳಗೆ ಕೂತು, ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ, ಮಾವನ ಮುಷ್ಟಿಯಲ್ಲಿದ್ದ ಫ್ಯೂಸನ್ನು ಒತ್ತಿದ. ಕೀಲಿ ತಿರುಗಿಸಿದ. ಹಳದಿ ದೀಪ ಹೊತ್ತಿ ಆರಿತು. ಒಂದು ಬೆರಳಿಗೆ ಸ್ಟೀರಿಂಗ್ ಸುತ್ತಿ ಬಂತು. ಕಾರು ಹಿಂದೆ ಸರಿದು, ಮುಂದೆ ಬಂದು, ತೆಂಗಿನ ಮರಕ್ಕೆ ಒತ್ತಿಕೊಂಡು ನಿಂತಿತು. ಪಕ್ಕದಲ್ಲಿ ಚಟ್ಟ ಹೋಗುವಷ್ಟು ಜಾಗ ಬಿಟ್ಟಿತು.

“ಎಂತ ಮಾಡ್ದ್ಯೋ?” ಎಂದ ದೇವಾನಂದ.

“ಫ್ಯೂಸು.”

“ಅಷ್ಟೇಯಾ? ಅಷ್ಟು ಮಾದೇವಂಗೆ ಗೊತ್ತಾಗ್ಲಿಲ್ವಾ?”

“ಗೊತ್ತಿತ್ತು,” ಎಂದ ನಿತೇಶ.

ದೇವಾನಂದ ಏನೂ ತಿಳಿಯದೆ ಹೆಗಲ ಮೇಲಿನ ಟವೆಲು ಕೊಡವಿಕೊಂಡು ಚಟ್ಟದ ಕಡೆ ನಡೆದ.

ರುಕ್ಮಿಣಿ ಗಂಡನ ಹಳೆಯ ಡ್ರೈವರ್ ಟವೆಲಿನ ತುದಿಯಲ್ಲಿ ಕವಳ ಇಟ್ಟಳು. ಗಂಟು ಹಾಕುವ ಮೊದಲು ನಿತೇಶನ ಕಡೆ ಕೈ ಚಾಚಿದಳು. ಅವನು ಪಾಕೀಟಿನಿಂದ ತನ್ನ ಫ್ಯೂಸು ತೆಗೆದು ಕೊಟ್ಟ. ಅವಳು ಅದನ್ನೂ ಕವಳದ ಜೊತೆ ಸೇರಿಸಿ ಗಂಟು ಬಿಗಿದಳು. ಟವೆಲನ್ನು ಮಾದೇವನ ಹೆಗಲಿಗೆ ಹೊದೆಸಿದಳು.

ಬೆಂಕಿಯ ಮಡಕೆ ಹಿಡಿದವನು ಸ್ಮಶಾನ ಮುಟ್ಟುವ ತನಕ ಹಿಂದೆ ತಿರುಗಬಾರದು. ಹಿರಿಯರು ಎರಡೆರಡು ಸಲ ಹೇಳಿದರು. ನಿತೇಶ ಮಡಕೆಯ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ಓಣಿಗೆ ಇಳಿದ. ಹೊಗೆ ಕಣ್ಣಿಗೆ ಬರುತ್ತಿತ್ತು. ಹಿಂದೆ ಚಟ್ಟ ಹೊತ್ತವರ ಹೆಜ್ಜೆ. ಎಡಕ್ಕೆ, ನಿಧಾನ, ಇನ್ನೂ ಎಡಕ್ಕೆ ಎಂದು ದೇವಾನಂದ ಹೇಳುತ್ತಿದ್ದ. ಚಟ್ಟದಿಂದ ಜೋತಾಡುತ್ತಿದ್ದ ಟವೆಲಿನ ಗಂಟು ತಿರುವಿನಲ್ಲಿ ಕಾರಿನ ಬಾಗಿಲಿಗೆ ತಾಗಿತು.

ಟಿಕ್.

ನಿತೇಶನ ಕುತ್ತಿಗೆ ಅರ್ಧ ತಿರುಗಿತು. ಅಲ್ಲೇ ತಡೆದು, ಮಡಕೆಯನ್ನು ಬಿಗಿಯಾಗಿ ಹಿಡಿದು, ಅವನು ಮುಂದೆ ನಡೆದ.